ಪುಟಿಂಗ್ ಅಪ್ ವಿತ್ ಜಿನ್ಸಿ

ಇಂಗ್ಲಿಷಿನಲ್ಲಿ ಏನೇ ಬರೆಯಲಿ, ಕಳಿಸುವ ಮೊದಲು ಅದರಲ್ಲಿ ‘ವಿತ್’ ಎಂಬ ಪದ ಎಲ್ಲೆಲ್ಲಿದೆ ಎಂದು ನಾನು ಹುಡುಕಿ ನೋಡುತ್ತೇನೆ. ಕಂಡ ಕಡೆಯಲ್ಲೆಲ್ಲ ಕರ್ಸರ್ ನಿಲ್ಲಿಸಿ, ಅದರ ಹಿಂದಿನ ಪದವನ್ನೂ ಅದಕ್ಕೂ ಹಿಂದಿನ ಪದವನ್ನೂ ಓದಿ, ಈ ಮೂವರೂ ಸೇರಿ ನನ್ನ ಬೆನ್ನ ಹಿಂದೆ ಏನಾದರೂ ಸಂಚು ಮಾಡುತ್ತಿದ್ದಾರೆಯೇ ಎಂದು ಪರೀಕ್ಷೆ ಮಾಡಿ ಆಮೇಲೆ ಮುಂದಿನ ಸಾಲಿಗೆ ಹೋಗುತ್ತೇನೆ. ತಿರುವನಂತಪುರದ ಕಳಕ್ಕೂಟಂನ ನಮ್ಮ ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ ಹುಡುಗಿ ಇದನ್ನು ಗಮನಿಸಿದ್ದಾಳೆ. “ಸುಮೀ, ಎರಡು ಸಾಲಿನ ಮೇಲ್‌ಗೆ ಇಪ್ಪತ್ತು ನಿಮಿಷವಾ?” ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಹುಡುಕುವುದನ್ನು ಬಿಡುವುದಿಲ್ಲ. ಒಂದು ಸಲ ಆ ಮೂರು ಪುಟ್ಟ ಪದಗಳು ನನಗೆ ಕೊಟ್ಟ ಪೆಟ್ಟು ಅಂಥದ್ದು.

ಮೊದಲೇ ಹೇಳಿಬಿಡುತ್ತೇನೆ, ಇಂಗ್ಲಿಷ್ ಕ್ರಿಯಾಪದಗಳ ಜೊತೆ ನನ್ನ ಜಗಳ ಹೊಸದಲ್ಲ. ನಾನು ಅರಸೀಕೆರೆಯವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ನಮಗೆ ಒಂದೊಂದು ಪದವೂ ಚೆನ್ನಾಗಿ ಗೊತ್ತಿತ್ತು. ಲುಕ್ ಎಂದರೆ ನೋಡು, ಆಫ್ಟರ್ ಎಂದರೆ ಆಮೇಲೆ. ಹಾಗಾಗಿ ‘ಲುಕ್ ಆಫ್ಟರ್ ಯುವರ್ ಪೇರೆಂಟ್ಸ್’ ಎಂಬುದಕ್ಕೆ ನಾನು ಪರೀಕ್ಷೆಯಲ್ಲಿ ‘ತಂದೆ ತಾಯಿಯನ್ನು ಆಮೇಲೆ ನೋಡಿಕೊಳ್ಳೋಣ’ ಎಂದು ಬರೆದಿದ್ದೆ. ಮೇಷ್ಟ್ರು ಆ ಉತ್ತರ ಪತ್ರಿಕೆಯನ್ನು ನಮ್ಮಪ್ಪನಿಗೇ ತೋರಿಸಿದರು. ಅಪ್ಪ ಬಹಳ ದಿನ, ನಾನು ಏನಾದರೂ ಕೆಲಸ ಹೇಳಿದರೆ, “ಲುಕ್ ಆಫ್ಟರ್ ಕಣಮ್ಮ” ಎನ್ನುತ್ತಿದ್ದರು.

ಇಂಜಿನಿಯರಿಂಗ್ ಮುಗಿಸಿ ತಿರುವನಂತಪುರದ ಕೆಲಸಕ್ಕೆ ಸೇರಿದ ಮೊದಲ ದಿನ ಮ್ಯಾನೇಜರ್ ಕೈಕುಲುಕಿ, “ವೇರ್ ಆರ್ ಯೂ ಪುಟಿಂಗ್ ಅಪ್?” ಎಂದು ಕೇಳಿದರು. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ. ಏನನ್ನು ಮೇಲಿಡಬೇಕು? ನನ್ನ ಕೈಯಲ್ಲಿದ್ದ ಬ್ಯಾಗನ್ನೇ? ನಾನು ಸುತ್ತಮುತ್ತ ನೋಡಿ ಬ್ಯಾಗನ್ನು ಒಂದು ಕಪಾಟಿನ ಮೇಲೆ ಇಟ್ಟೇಬಿಟ್ಟೆ. ಆಗ ಹಿಂದಿನ ಟೇಬಲ್ಲಿನಿಂದ ಒಬ್ಬಳು ಬಗ್ಗಿ ಪಿಸುಗುಟ್ಟಿದಳು: “ಎವಿಡೆಯಾ ತಾಮಸಂ?” ಇದು ಇನ್ನೂ ಕಷ್ಟವಾಯಿತು. ತಾಮಸ ಎಂದರೆ ನಮ್ಮಲ್ಲಿ ಮಂಕು ಗುಣ. ಮೊದಲ ದಿನವೇ ನನ್ನ ಮಂಕುತನ ಇವಳಿಗೆ ಗೊತ್ತಾಗಿ ಹೋಯಿತೇ ಎಂದು ಮುಖ ಸಣ್ಣ ಮಾಡಿಕೊಂಡೆ. ಅವಳಿಗೆ ನಗು ತಡೆಯಲಾಗಲಿಲ್ಲ. ತಾಮಸ ಎಂದರೆ ಮಲಯಾಳದಲ್ಲಿ ವಾಸ, ಪುಟಿಂಗ್ ಅಪ್ ಎಂದರೂ ಅದೇ, ನೀನು ಎಲ್ಲಿ ಉಳಿದುಕೊಂಡಿದ್ದೀ ಎಂದು ಸಾರ್ ಕೇಳುತ್ತಿದ್ದಾರೆ ಎಂದು ನಿಧಾನವಾಗಿ ಬಿಡಿಸಿ ಹೇಳಿದಳು. ನಾನು ಆ ಅರ್ಥವನ್ನು ತಲೆಯೊಳಗೆ ಭದ್ರವಾಗಿ ಬರೆದುಕೊಂಡೆ. ಪುಟಿಂಗ್ ಅಪ್ ಎಂದರೆ ವಾಸ.

ಹಾಗೆ ಪಿಸುಗುಟ್ಟಿದವಳೇ ಜಿನ್ಸಿ. ಕೊಚ್ಚಿಯ ಹತ್ತಿರದ ವೈಪಿನ್ ದ್ವೀಪದವಳು, ಕೆಲಸದಲ್ಲಿ ನನಗಿಂತ ನಾಲ್ಕು ವರ್ಷ ಹಿರಿಯಳು. ಒಂದು ವಾರ ನಾನು ಹಾಸ್ಟೆಲ್ಲಿನಲ್ಲಿ ಒದ್ದಾಡಿದ್ದನ್ನು ನೋಡಿ, ಆಫೀಸಿನ ಹಿಂಬದಿಯ ಬೀದಿಯಲ್ಲಿದ್ದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. “ಒಂದು ರೂಮ್ ಖಾಲಿ ಇದೆ. ನನಗೆ ಮೀನು ಬೇಕು, ನಿನಗೆ ಬೇಡ. ಫ್ರಿಜ್‌ನಲ್ಲಿ ಮೇಲಿನ ಅರ್ಧ ನಿನ್ನದು, ಕೆಳಗಿನ ಅರ್ಧ ನನ್ನದು. ಸರಿಯಾ?” ಎಂದಳು. ಅಷ್ಟೇ ನಮ್ಮ ಒಪ್ಪಂದ.

ಎರಡು ವರ್ಷ ಅಲ್ಲಿದ್ದೆ. ನಮ್ಮಿಬ್ಬರ ಭಾಷೆ ಅರ್ಧ ಮಲಯಾಳ, ಅರ್ಧ ಇಂಗ್ಲಿಷ್. ನನ್ನ ಅಮ್ಮ ದಿನಾ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದುದರಿಂದ ಅವಳಿಗೆ ಕನ್ನಡವೂ ಒಂದಿಷ್ಟು ಬಂದಿತ್ತು. “ಅಮ್ಮಾ, ನಿಮ್ಮ ಮಗಳು ಊಟ ಮಾಡಿತು. ಮುದ್ದೆ ಸುಟ್ಟಿತು, ಆದರೂ ತಿಂದಿತು” ಎಂದು ದೂರಿನ ದನಿಯಲ್ಲಿ ವರದಿ ಒಪ್ಪಿಸುತ್ತಿದ್ದಳು. ಅಮ್ಮನಿಗೆ ಅವಳೆಂದರೆ ಪ್ರಾಣ. “ಏನೇ, ಆ ಜಿನ್ಸಿಗೆ ಮಾವಿನ ಮಿಡಿ ಉಪ್ಪಿನಕಾಯಿ ಸೇರತ್ತಾ ಕೇಳು” ಎಂದು ಕೇಳುತ್ತಿದ್ದರೇ ಹೊರತು ನನಗೆ ಸೇರುತ್ತದೆಯೇ ಎಂದು ಕೇಳುತ್ತಿರಲಿಲ್ಲ.

ನನ್ನ ಜೊತೆ ಬದುಕುವುದು ಸುಲಭವಲ್ಲ ಎಂಬುದು ಈಗ ನನಗೆ ಗೊತ್ತು. ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟು ಏಳಕ್ಕೆ ಏಳುವವಳು ನಾನು. ನಡುವೆ ಅದು ಹನ್ನೆರಡು ಸಲ ಕೂಗುತ್ತಿತ್ತು. ಇಂಗಿನ ಡಬ್ಬಿಯ ಮುಚ್ಚಳ ಎಂದೂ ಹಾಕಿದವಳಲ್ಲ. ಮುದ್ದೆ ಮಾಡಿದ ಪಾತ್ರೆಯನ್ನು ‘ನೆನೆಯಲಿ’ ಎಂದು ಬಿಟ್ಟರೆ ಅದು ನಾಲ್ಕು ದಿನ ನೆನೆಯುತ್ತಿತ್ತು. ಜಿನ್ಸಿಯಾದರೋ ದಿನಕ್ಕೆ ಎರಡು ಸಲ ಸ್ನಾನ ಮಾಡುವವಳು, ನೆಲವನ್ನು ಒರೆಸಿ ಒರೆಸಿ ಅದರಲ್ಲಿ ತನ್ನ ಮುಖ ನೋಡುವವಳು. ಅವಳು ಬೈಯುತ್ತಿರಲಿಲ್ಲ. ಪಾತ್ರೆಯ ಮುಂದೆ ನಿಂತು, “ಎಡೀ, ಇದರಲ್ಲಿ ಮೀನು ಸಾಕಬಹುದು” ಎನ್ನುತ್ತಿದ್ದಳು, ಆಮೇಲೆ ತಾನೇ ತೊಳೆದು ಇಡುತ್ತಿದ್ದಳು.

ಎರಡನೆಯ ವರ್ಷ ನನಗೆ ಚಿಕನ್‌ಪಾಕ್ಸ್ ಬಂತು. ಮೈಯೆಲ್ಲ ಬೊಬ್ಬೆ, ಜ್ವರ. ಅದು ಜಿನ್ಸಿಗೆ ಎಂದೂ ಬಂದಿರಲಿಲ್ಲ. ಅವಳ ಅಣ್ಣನ ಮದುವೆಗೆ ಮೂರು ವಾರವೂ ಉಳಿದಿರಲಿಲ್ಲ. ಎಲ್ಲರೂ ಅವಳಿಗೆ, ಈಗಲೇ ಊರಿಗೆ ಹೋಗಿಬಿಡು ಎಂದರು. ನಾನೂ ಅಂದೆ. “ನೀನು ಒಬ್ಬಳೇ ಇದ್ದು ಏನು ಮಾಡುತ್ತೀ? ಕೆರೆದುಕೊಳ್ಳುತ್ತೀಯಾ?” ಎಂದು ಬೈದು, ಬೇವಿನ ಸೊಪ್ಪು ತಂದು ನೀರು ಕಾಯಿಸಿದಳು. ಹತ್ತು ದಿನ ಗಂಜಿ ಮಾಡಿ ಕೊಟ್ಟಳು. ನನಗೆ ವಾಸಿಯಾಯಿತು. ಅವಳು ಮದುವೆಗೆಂದು ಸೀರೆಯ ರವಿಕೆ ಹೊಲಿಸಿ ತಂದ ದಿನ ಅವಳ ಹಣೆಯ ಮೇಲೆ ಮೊದಲನೆಯ ಬೊಬ್ಬೆ ಎದ್ದಿತು.

ಅಣ್ಣನ ಮದುವೆ ವೈಪಿನ್‌ನ ಇಗರ್ಜಿಯಲ್ಲಿ, ಊಟ ಫೋರ್ಟ್ ಕೊಚ್ಚಿಯ ಹೆಣ್ಣಿನ ಮನೆಯ ಕಡೆ. ಒಬ್ಬಳೇ ತಂಗಿ ಕಳಕ್ಕೂಟಂನ ಫ್ಲ್ಯಾಟಿನಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಮನೆಯವರು ವಿಡಿಯೊ ಕರೆ ಮಾಡಿದರೆ ಅವಳು ಫೋನು ತೆಗೆಯಲಿಲ್ಲ. ನಾನು ಗಂಜಿ ಮಾಡಿಕೊಟ್ಟೆ, ಉಪ್ಪು ಹೆಚ್ಚಾಗಿತ್ತು. ಅವಳು ಪೂರ್ತಿ ಕುಡಿದಳು. “ಅಳಬೇಡ, ಸುಮೀ. ಸಾರಮಿಲ್ಲ” ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಪರವಾಗಿಲ್ಲ ಎಂದು.

ಇಷ್ಟಾಗಿ ಎರಡು ತಿಂಗಳಿಗೆ ಆಫೀಸಿನಲ್ಲಿ ಒಂದು ಫಾರಂ ಬಂತು. ಜಿನ್ಸಿಯನ್ನು ನಮ್ಮ ತಂಡದ ಲೀಡ್ ಮಾಡುವ ಯೋಚನೆ ನಡೆದಿತ್ತು. ಅವಳ ಜೊತೆ ಕೆಲಸ ಮಾಡುವ ಆರು ಜನ, ಹೆಸರು ಹಾಕದೆ, ಅವಳ ಬಗ್ಗೆ ಅಭಿಪ್ರಾಯ ಬರೆಯಬೇಕು. ಈಕೆಯನ್ನು ನೀವು ಎಷ್ಟು ಕಾಲದಿಂದ, ಹೇಗೆ ಬಲ್ಲಿರಿ ಎಂಬುದು ಮೊದಲ ಪ್ರಶ್ನೆ. ಈ ಹುದ್ದೆಗೆ ಶಿಫಾರಸು ಮಾಡುತ್ತೀರಾ ಎಂಬುದು ಕೊನೆಯದು.

ನನ್ನ ಋಣ ತೀರಿಸಲು ದೇವರೇ ಕಳಿಸಿದ ಫಾರಂ ಅದು ಎಂದುಕೊಂಡೆ. ಒಂದು ಇಡೀ ಮಧ್ಯಾಹ್ನ ಕೂತು ಬರೆದೆ. ಸಾದಾ ಇಂಗ್ಲಿಷ್ ಸಾಲದು, ದೊಡ್ಡವರು ಬಳಸುವಂಥ ಇಂಗ್ಲಿಷ್ ಬೇಕು ಎಂದು ‘ಸ್ಟೇ’, ‘ಲಿವ್’ ಎಂಬ ಬಡ ಪದಗಳನ್ನು ಬಿಟ್ಟೆ. ಮ್ಯಾನೇಜರ್ ಬಳಸುವ ಪದವೇ ಇತ್ತಲ್ಲ, ಅದಕ್ಕೊಂದು ‘ಜೊತೆಗೆ’ ಸೇರಿಸಿದರೆ ಮುಗಿಯಿತು. ಹೀಗೆ ಬರೆದೆ: ‘ಐ ಹ್ಯಾವ್ ಬೀನ್ ಪುಟಿಂಗ್ ಅಪ್ ವಿತ್ ಜಿನ್ಸಿ ಫಾರ್ ಟೂ ಇಯರ್ಸ್.’ ಅಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಪಾಪವಾದರೂ ಕಡಿಮೆಯಾಗುತ್ತಿತ್ತು. ಭಾವ ಉಕ್ಕಿ ಬಂದು ಇನ್ನೊಂದು ಸಾಲು: ‘ಓನ್ಲಿ ದೋಸ್ ಹೂ ಪುಟ್ ಅಪ್ ವಿತ್ ಹರ್ ವಿಲ್ ನೋ ಹರ್.’ ಅವಳ ಜೊತೆ ಇದ್ದವರಿಗೇ ಅವಳು ಎಂಥವಳೆಂದು ಗೊತ್ತು ಎಂದು ನನ್ನ ಅರ್ಥ. ಕೊನೆಯ ಪ್ರಶ್ನೆಗೆ, ‘ಎವ್ರಿಒನ್ ಇನ್ ದ ಟೀಮ್ ಶುಡ್ ಗೆಟ್ ಎ ಚಾನ್ಸ್ ಟು ಪುಟ್ ಅಪ್ ವಿತ್ ಹರ್.’ ಕಳಿಸಿದ ಮೇಲೆ ಇನ್ನೊಮ್ಮೆ ಓದಿದೆ. ನನ್ನ ಇಂಗ್ಲಿಷ್ ಇಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಮೂರು ವಾರ ಕಳೆದು ಬೇರೊಬ್ಬನನ್ನು ಲೀಡ್ ಮಾಡಿದರು. ನಾನು ಸಿಟ್ಟಿನಿಂದ, “ಯಾರೋ ನಿನ್ನ ಬಗ್ಗೆ ಕೆಟ್ಟದಾಗಿ ಬರೆದಿದ್ದಾರೆ, ಬಿಡಬೇಡ” ಎಂದೆ. ಜಿನ್ಸಿ ನೆಲ ಒರೆಸುತ್ತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು. “ಹೌದು, ಯಾರೋ ಬರೆದಿದ್ದಾರೆ” ಎಂದು ಮತ್ತೆ ಒರೆಸತೊಡಗಿದಳು. ಆ ತಿಂಗಳೇ ಅವಳು ಕೊಚ್ಚಿ ಆಫೀಸಿಗೆ ವರ್ಗ ಕೇಳಿ ಹೊರಟು ನಿಂತಳು. ಅಮ್ಮಚ್ಚಿಗೆ ಮಂಡಿ ನೋವು, ಮನೆಯಿಂದಲೇ ಓಡಾಡಬಹುದು ಎಂದಳು. ಅಮ್ಮಚ್ಚಿ ಎಂದರೆ ಅವಳ ತಾಯಿ. ನಾನು ನಂಬಿದೆ. ಹೋಗುವಾಗ ಫ್ರಿಜ್ಜಿನ ಕೆಳಗಿನ ಅರ್ಧವನ್ನು ತೊಳೆದು, ಒರೆಸಿ, ಬಾಗಿಲು ತೆರೆದಿಟ್ಟು ಹೋಗಿದ್ದಳು.

ಆಮೇಲೆ ನನ್ನ ಸಂದೇಶಗಳಿಗೆ ಒಂದೊಂದು ಪದದ ಉತ್ತರ ಬಂತು. ನಂತರ ಅದೂ ನಿಂತಿತು. ಅಮ್ಮ ಫೋನಿನಲ್ಲಿ, “ಜಿನ್ಸಿ ಹೆಂಗಿದಾಳೆ?” ಎಂದರೆ, “ಬಿಜಿ ಅಮ್ಮಾ” ಎನ್ನುತ್ತಿದ್ದೆ. ಅದೇ ಕಾಲಕ್ಕೆ ಹೊರದೇಶದ ಗಿರಾಕಿಗಳ ಜೊತೆ ದಿನಾ ಮಾತಾಡುವ ಒಂದು ಒಳ್ಳೆಯ ಪ್ರಾಜೆಕ್ಟಿನ ಪಟ್ಟಿಯಿಂದ ನನ್ನ ಹೆಸರು ಬಿಟ್ಟುಹೋಯಿತು. ಗ್ರಹಚಾರ ಎಂದುಕೊಂಡೆ.

ಹೀಗೆ ಒಂದೂವರೆ ವರ್ಷ ಕಳೆಯಿತು. ಕಂಪನಿಯವರು ನಮಗೆ ಎರಡು ದಿನದ ಇಂಗ್ಲಿಷ್ ತರಬೇತಿ ಏರ್ಪಾಡು ಮಾಡಿದರು. ಪಾಠ ಮಾಡಲು ಬಂದ ಮೇಡಂ ಬಹಳ ಗೆಲುವಿನ ಹೆಂಗಸು. ತೆರೆಯ ಮೇಲೆ ‘ಪುಟ್ ಅಪ್ ವಿತ್’ ಎಂದು ತೋರಿಸಿ, ಇದನ್ನು ಬಳಸಿ ಯಾರು ವಾಕ್ಯ ಮಾಡುತ್ತೀರಿ ಎಂದು ಕೇಳಿದರು. ಮೂವತ್ತು ಜನರಲ್ಲಿ ಮೊದಲು ಎದ್ದ ಕೈ ನನ್ನದು. ನನ್ನ ಸ್ವಂತ ಪದವಲ್ಲವೇ ಅದು! ಎದ್ದು ನಿಂತು ಹೇಳಿದೆ: “ಐ ಪುಟ್ ಅಪ್ ವಿತ್ ಮೈ ಬೆಸ್ಟ್ ಫ್ರೆಂಡ್ ಫಾರ್ ಟೂ ಇಯರ್ಸ್.”

“ಅಯ್ಯೋ ಪಾಪ” ಎಂದರು ಮೇಡಂ. “ಹಾಗಾದರೆ ಅವಳು ಬೆಸ್ಟ್ ಫ್ರೆಂಡ್ ಹೇಗಾದಳು?”

ಎಲ್ಲರೂ ನಕ್ಕರು. ನನಗೆ ಅರ್ಥವಾಗಲಿಲ್ಲ. “ಇಲ್ಲ ಮೇಡಂ, ಅವಳು ತುಂಬ ಒಳ್ಳೆಯವಳು” ಎಂದೆ.

“ಒಳ್ಳೆಯವಳಾದರೆ ಪುಟ್ ಅಪ್ ವಿತ್ ಯಾಕಮ್ಮ? ಅದನ್ನು ಬಳಸುವುದು ಕಿರಿಕಿರಿಗೆ. ಗಲಾಟೆ, ಕೊಳೆ, ಕೆಟ್ಟ ಮೇಲಧಿಕಾರಿ. ಇಷ್ಟವಿಲ್ಲ, ಆದರೂ ವಿಧಿಯಿಲ್ಲದೆ ಸಹಿಸಿಕೊಂಡಿದ್ದೇನೆ ಎನ್ನುವಾಗ.”

“ಜೊತೆಗೆ ಇರುವುದು ಅಂತ ಅಲ್ಲವಾ ಮೇಡಂ?”

“ಜೊತೆಗೆ ಇರುವುದಕ್ಕೆ ಸ್ಟೇ ವಿತ್ ಇದೆಯಲ್ಲ. ಗಂಡನ ವಿಷಯದಲ್ಲಿ ಮಾತ್ರ ಎರಡೂ ಒಂದೇ” ಎಂದರು. ಮತ್ತೆ ಎಲ್ಲರೂ ನಕ್ಕರು.

ನಾನು ಕೂತೆನೋ ನಿಂತೇ ಇದ್ದೆನೋ ನೆನಪಿಲ್ಲ. ತೆರೆಯ ಮೇಲೆ ಇಡು, ಮೇಲೆ, ಜೊತೆ ಎಂಬ ಮೂರು ಪರಿಚಿತ ಮುಖಗಳು ನಿಂತಿದ್ದವು. ಅವು ಮೂರೂ ಕೂಡಿದರೆ ಸಹಿಸುವುದು ಎಂದಾಗುತ್ತದೆ ಎಂದು ಯಾವ ನ್ಯಾಯದಿಂದ ಊಹಿಸಬೇಕಿತ್ತು? ನಮ್ಮಲ್ಲಿ ತಾಳು, ಸಹಿಸು, ತಡೆದುಕೋ, ಸುಧಾರಿಸಿಕೋ ಎಂದು ಎಷ್ಟೊಂದಿವೆ. ಹೇಳುವಾಗಲೇ ಹಲ್ಲು ಕಚ್ಚಿದ ಹಾಗಿರುತ್ತದೆ, ಗೊತ್ತಾಗುತ್ತದೆ. ಇದು ನೋಡಿದರೆ ಮಗುವಿನ ಪಾಠದ ಪದಗಳಂತಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಹಳೆಯ ಮೇಲ್‌ಗಳನ್ನು ಹುಡುಕಿದೆ. ಫಾರಂ ತುಂಬಿದ ಮೇಲೆ ಅದರ ಒಂದು ಪ್ರತಿ ನನಗೂ ಬಂದಿತ್ತು. ಈ ಸಲ ಹೊಸ ಅರ್ಥ ಹಾಕಿ ಓದಿದೆ.

‘ಎರಡು ವರ್ಷಗಳಿಂದ ಜಿನ್ಸಿಯನ್ನು ಸಹಿಸಿಕೊಂಡು ಬಂದಿದ್ದೇನೆ. ಅವಳನ್ನು ಸಹಿಸಿಕೊಂಡವರಿಗೇ ಗೊತ್ತು ಅವಳು ಎಂಥವಳೆಂದು. ಅವಳನ್ನು ಸಹಿಸಿಕೊಳ್ಳುವ ಅವಕಾಶ ತಂಡದ ಎಲ್ಲರಿಗೂ ಸಿಗಬೇಕು.’

ಹೆಸರು ಹಾಕಿರಲಿಲ್ಲ ನಿಜ. ಆದರೆ ಅವಳ ಜೊತೆ ಎರಡು ವರ್ಷ ಇದ್ದವರು ಇಡೀ ಆಫೀಸಿನಲ್ಲಿ ಇನ್ನು ಯಾರಿದ್ದರು? ನೆಲ ಒರೆಸುತ್ತ ಅವಳು ನನ್ನ ಕಡೆ ನೋಡಿದ ನೋಟ ಈಗ ಅರ್ಥವಾಯಿತು. ಯಾರೋ ಕೆಟ್ಟದಾಗಿ ಬರೆದಿದ್ದಾರೆ ಎಂದು, ಬರೆದವಳೇ ಹೋಗಿ ಹೇಳಿದ್ದೆ. ಎಂಥ ಕಳ್ಳಿ ಎಂದುಕೊಂಡಿರಬೇಕು ಅವಳು! ಫೋನ್ ಮಾಡಿದೆ. ತೆಗೆಯಲಿಲ್ಲ. ಸಂದೇಶ ಬರೆಯಲು ಹೋದರೆ ಇಂಗ್ಲಿಷಿನ ಒಂದು ಪದವನ್ನೂ ನಂಬುವ ಧೈರ್ಯ ಬರಲಿಲ್ಲ.

ಆ ಶನಿವಾರ ಬೆಳಗಿನ ರೈಲು ಹತ್ತಿ ಎರ್ನಾಕುಲಂನಲ್ಲಿ ಇಳಿದೆ. ಅಲ್ಲಿಂದ ಬಸ್ಸು, ವಲ್ಲಾರ್ಪಾಡಂ ದ್ವೀಪದ ಸೇತುವೆಗಳನ್ನು ದಾಟಿ ವೈಪಿನ್. ಹಿಂದೆ ಒಂದೇ ಒಂದು ಸಲ, ಈಸ್ಟರ್‌ಗೆ, ಅವಳ ಮನೆಗೆ ಹೋಗಿದ್ದೆ. ದಾರಿ ಕೇಳಿ ಕೇಳಿ ಹುಡುಕಿದೆ. ಬಾಗಿಲು ತೆರೆದವರು ಅಮ್ಮಚ್ಚಿ. ಮಂಡಿನೋವು ಏನೂ ಕಾಣಲಿಲ್ಲ, ಸರಸರ ನಡೆದು ಬಂದರು. “ಓ, ಕನ್ನಡದ ಮಗಳು! ಇಷ್ಟು ದಿನ ಎಲ್ಲಿ ಹೋಗಿದ್ದೆ? ಜಿನ್ಸೀ, ಯಾರು ಬಂದಿದ್ದಾರೆ ನೋಡು” ಎಂದು ಒಳಗೆ ಕೂಗಿದರು. ಅವರಿಗೆ ಅವಳು ಏನೂ ಹೇಳಿರಲಿಲ್ಲ ಎಂಬುದೇ ನನಗೆ ಇನ್ನೊಂದು ಪೆಟ್ಟಾಯಿತು. ಗೋಡೆಯ ಮೇಲೆ ಅಣ್ಣನ ಮದುವೆಯ ದೊಡ್ಡ ಫೋಟೊ. ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದರು. ಯಾರಿಲ್ಲ ಎಂಬುದು ನನಗೆ ಗೊತ್ತಿತ್ತು.

ಜಿನ್ಸಿ ಬಂದು ಬಾಗಿಲ ಬಳಿ ನಿಂತಳು. ಹುಬ್ಬಿನ ಮೇಲೆ ಬೊಬ್ಬೆಯ ಕಲೆ ಹಾಗೇ ಇತ್ತು. “ಏನು?” ಎಂದಳು, ಕನ್ನಡದಲ್ಲಿ. ಅಮ್ಮಚ್ಚಿಗೆ ಅರ್ಥವಾಗದಿರಲಿ ಎಂದಿರಬೇಕು.

ನಾನು ರೈಲಿನಲ್ಲಿ ನಾಲ್ಕು ಗಂಟೆ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, “ಪುಟ್ ಅಪ್ ವಿತ್ ಅಂದರೆ ಜೊತೆಗಿರೋದು ಅಂದುಕೊಂಡಿದ್ದೆ” ಎಂದೆ.

“ಏನಂದೆ?”

“ಜೊತೆಗಿರೋದು. ತಾಮಸಂ. ನೀನೇ ಹೇಳಿಕೊಟ್ಟಿದ್ದು, ಮೊದಲನೇ ದಿನ.”

ಅವಳ ಮುಖ ಬಿಗಿದುಕೊಂಡಿತು. “ಸುಮೀ, ನಾಟಕ ಬೇಡ. ನೀನು ಇಂಜಿನಿಯರ್. ಅಷ್ಟು ಇಂಗ್ಲಿಷ್ ಗೊತ್ತಿಲ್ಲ ಎಂದು ನಾನು ನಂಬಬೇಕಾ? ಮ್ಯಾನೇಜರ್ ಆ ಹಾಳೆಯನ್ನು ನನ್ನ ಮುಂದೆ ಇಟ್ಟು ಓದಿದರು. ನಿನ್ನ ಜೊತೆ ಇರುವುದು ಜನಕ್ಕೆ ಕಷ್ಟವಾಗುತ್ತಿದೆ ಜಿನ್ಸೀ ಎಂದರು. ನಾನು ಏನೂ ಹೇಳಲಿಲ್ಲ. ಏನು ಹೇಳಲಿ?”

ಹೇಗೆ ನಂಬಿಸುವುದು? ನನ್ನ ದಡ್ಡತನಕ್ಕೆ ಸಾಕ್ಷಿ ಬೇಕಿತ್ತು, ಮತ್ತು ದೇವರ ದಯದಿಂದ ಅದು ನನ್ನ ಫೋನಿನಲ್ಲಿ ಬೇಕಾದಷ್ಟಿತ್ತು. ಮೇಲ್‌ಗಳಲ್ಲಿ ಆ ಪದ ಹುಡುಕಿ ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಓದಿದಳು. ಮ್ಯಾನೇಜರ್‌ಗೆ ನಾನು ಬರೆದ ರಜೆಯ ಅರ್ಜಿ: ‘ಸೋಮವಾರದವರೆಗೆ ಅರಸೀಕೆರೆಯಲ್ಲಿ ನನ್ನ ಅಜ್ಜಿಯನ್ನು ಸಹಿಸಿಕೊಂಡಿರುತ್ತೇನೆ.’ ಬ್ಯಾಂಕಿಗೆ ಬರೆದದ್ದು: ‘ಈ ಹಿಂದೆ ಹೆತ್ತವರನ್ನು ಸಹಿಸಿಕೊಂಡಿದ್ದೆ, ಈಗ ವಿಳಾಸ ಬದಲಾಗಿದೆ.’ ಕಾಲೇಜಿನ ಗೆಳತಿಯ ಮದುವೆಗೆ ಕಳಿಸಿದ ಶುಭಾಶಯ: ‘ನೀವಿಬ್ಬರೂ ನೂರು ವರ್ಷ ಒಬ್ಬರನ್ನೊಬ್ಬರು ಸಹಿಸಿಕೊಂಡಿರಿ.’

ಮದುವೆಯ ಶುಭಾಶಯಕ್ಕೆ ಬಂದಾಗ ಜಿನ್ಸಿಯ ಬಾಯಿಂದ ಒಂದು ವಿಚಿತ್ರ ಸದ್ದು ಬಂತು. ಆಮೇಲೆ ಅವಳು ನೆಲದ ಮೇಲೆ ಕೂತುಬಿಟ್ಟಳು. ನಗುತ್ತಿದ್ದಾಳೆ ಎಂದುಕೊಂಡು ನಾನೂ ಪಕ್ಕದಲ್ಲಿ ಕೂತೆ. ನೋಡಿದರೆ ಅಳುತ್ತಿದ್ದಳು. ಅಮ್ಮಚ್ಚಿ ಗಾಬರಿಯಾಗಿ ಅಡುಗೆಮನೆಯಿಂದ ಓಡಿ ಬಂದು, ಯಾರು ಸತ್ತರು ಎಂದು ಕೇಳಿದರು.

ಕಣ್ಣೊರೆಸಿಕೊಂಡು ಜಿನ್ಸಿ, “ಈಗ ನೀನು ನನ್ನ ಮಾತು ಕೇಳು” ಎಂದಳು. “ಅಲ್ಲಿಂದ ಹೊರಡುವ ಮೊದಲು ಮ್ಯಾನೇಜರ್ ನನ್ನನ್ನು ಕೇಳಿದರು. ಹೊಸ ಪ್ರಾಜೆಕ್ಟಿಗೆ, ಗಿರಾಕಿಗಳ ಜೊತೆ ಮಾತಾಡುವುದಕ್ಕೆ, ನಿಮ್ಮಲ್ಲಿ ಯಾರನ್ನು ಹಾಕಬಹುದು ಅಂತ. ಪಟ್ಟಿಯಲ್ಲಿ ನಿನ್ನ ಹೆಸರು ಮೊದಲಿತ್ತು. ನಾನೇ ಹೊಡೆದುಹಾಕಿಸಿದೆ.”

ಆ ಪ್ರಾಜೆಕ್ಟಿಗಾಗಿ ನಾನು ಕನ್ನಡಿಯ ಮುಂದೆ ನಿಂತು ಎಷ್ಟು ಮಾತಾಡಿ ಅಭ್ಯಾಸ ಮಾಡಿದ್ದೆ! ಸಿಗದಿದ್ದಾಗ ಎಷ್ಟು ದಿನ ಅನ್ನ ಸೇರಿರಲಿಲ್ಲ! ಗ್ರಹಚಾರ ಎಂದುಕೊಂಡದ್ದು ವೈಪಿನ್‌ನ ಈ ಮನೆಯಲ್ಲಿ ಕೂತಿತ್ತು.

“ಏನೆಂದು ಹೇಳಿದೆ?” ಎಂದು ಕೇಳಿದೆ.

“ಕೋಪದಲ್ಲಿ ಬಾಯಿಗೆ ಬಂದದ್ದು ಹೇಳಿದೆ. ಅವಳ ಇಂಗ್ಲಿಷ್ ಸರಿಯಿಲ್ಲ, ಒಂದು ದಿನ ಏನಾದರೂ ಬರೆದು ಎಲ್ಲರಿಗೂ ತೊಂದರೆ ತರುತ್ತಾಳೆ ಎಂದೆ.” ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಾನು ಏನು ಹೇಳಿದೆ ಎಂಬುದು ಹೊಳೆಯಿತು. “ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದ್ದು, ಸುಮೀ. ದೇವರಾಣೆ.”

ಒಬ್ಬಳು ಪ್ರೀತಿಯಿಂದ ನಿಜ ಬರೆಯಹೊರಟು ಸುಳ್ಳು ಬರೆದಿದ್ದಳು. ಇನ್ನೊಬ್ಬಳು ಸಿಟ್ಟಿನಿಂದ ಸುಳ್ಳು ಹೇಳಹೊರಟು ನಿಜ ಹೇಳಿದ್ದಳು. ನಾನು ಸಿಟ್ಟಾಗಬೇಕೆಂದು ಪ್ರಯತ್ನಪಟ್ಟೆ. ಸಿಟ್ಟು ಬಂತು ಕೂಡ. “ನೀನು ಹಾಗೆ ಮಾಡಬಾರದಿತ್ತು” ಎಂದೆ. “ಮಾಡಬಾರದಿತ್ತು” ಎಂದಳು ಅವಳು, ಒಂದು ನೆಪವನ್ನೂ ಹೇಳದೆ.

ಅಮ್ಮಚ್ಚಿ ಅಲ್ಲಿಯೇ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಜಿನ್ಸಿ ಎಲ್ಲವನ್ನೂ ಮಲಯಾಳದಲ್ಲಿ ಬಿಡಿಸಿ ಹೇಳಿದಳು: ಆ ಮೂರು ಪದ, ಫಾರಂ, ವರ್ಗ, ಪ್ರಾಜೆಕ್ಟು. ಮಂಡಿನೋವಿನ ನೆಪವನ್ನೂ ಹೇಳಬೇಕಾಯಿತು. ಅವರು ನೈಟಿಯ ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಕೊನೆಯವರೆಗೂ ಕೇಳಿದರು.

“ಇದಕ್ಕಾ?” ಎಂದರು. “ಇದಕ್ಕೆ ಒಂದೂವರೆ ವರ್ಷ ಮಾತು ಬಿಟ್ಟಿರಾ? ಯಾಕೆ ಹಾಗೆ ಬರೆದೆ ಎಂದು ನೀನು ಒಂದು ಮಾತು ಕೇಳಬಹುದಿತ್ತು. ಯಾಕೆ ಹೊರಟು ಹೋದೆ ಎಂದು ಇವಳು ಒಂದು ಮಾತು ಕೇಳಬಹುದಿತ್ತು. ನಿಮ್ಮಿಬ್ಬರಿಗೂ ಬಾಯಿ ಇರಲಿಲ್ಲವಾ?”

ಉತ್ತರಕ್ಕೆ ಕಾಯದೆ ಅವರು ಒಲೆಯ ಮೇಲಿದ್ದುದನ್ನು ನೋಡಲು ಒಳಗೆ ಹೋದರು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಊಟವಾದ ಮೇಲೆ ಇಬ್ಬರೂ ಕೂತು ಮ್ಯಾನೇಜರ್‌ಗೆ ಒಂದು ಪತ್ರ ಬರೆದೆವು. ವಿಷಯ ನನ್ನದು, ಇಂಗ್ಲಿಷ್ ಜಿನ್ಸಿಯದು. ತಾನು ನನ್ನ ಬಗ್ಗೆ ಹೇಳಿದ್ದನ್ನೂ ಅದರಲ್ಲಿ ಸೇರಿಸಬೇಕೆಂದು ಅವಳು ಹಟ ಹಿಡಿದಳು. ಸೇರಿಸಿದರೆ ಅದು ನಿಜವೆಂದು ಈ ಪತ್ರವೇ ಸಾಬೀತು ಮಾಡುತ್ತದಲ್ಲ ಎಂದು ನಾನು ವಾದಿಸಿದೆ. ಕಡೆಗೆ ಸೇರಿಸಿದೆವು. ಮ್ಯಾನೇಜರ್ ಫೋನ್ ಮಾಡಿದರು. ಆ ಹಾಳೆಯನ್ನು ಓದಿದಾಗ ಬರೆದವರನ್ನು ಕರೆದು ಕೇಳಬೇಕೆಂದು ತಮಗೂ ಅನ್ನಿಸಲಿಲ್ಲ ಎಂದರು. ಆ ಹುದ್ದೆ ಆಗಲೇ ಇನ್ನೊಬ್ಬನದಾಗಿತ್ತು, ಅದನ್ನು ಯಾರೂ ಹಿಂದಕ್ಕೆ ತರಲಾರರು. ಮರುವರ್ಷ ಜಿನ್ಸಿ ಕೊಚ್ಚಿಯಲ್ಲಿಯೇ ಲೀಡ್ ಆದಳು. ಅವಳ ಬಗ್ಗೆ ಅಭಿಪ್ರಾಯ ಬರೆಯುವವರಲ್ಲಿ ನಾನಿರಲಿಲ್ಲ. ಇರುವುದು ಬೇಡವೆಂದು ನಾನೇ ಕೇಳಿಕೊಂಡಿದ್ದೆ. ಗಿರಾಕಿಗಳ ಜೊತೆ ಮಾತಾಡುವ ಕೆಲಸ ನನಗೆ ಇನ್ನೂ ಸಿಕ್ಕಿಲ್ಲ. ಅವಳು ಕಳಕ್ಕೂಟಂಗೆ ಮರಳಿ ಬರಲಿಲ್ಲ.

ಆ ಶನಿವಾರ ಸಂಜೆ ಅವಳು ನನ್ನನ್ನು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಡಲು ಹೊರಟಳು. ವಲ್ಲಾರ್ಪಾಡಂ ಬಂದರಿನ ಹತ್ತಿರ ಕಂಟೇನರ್ ಲಾರಿಗಳು ಒಂದರ ಹಿಂದೊಂದು ಸದ್ದು ಮಾಡುತ್ತ ಹೋಗುತ್ತಿದ್ದವು. ಅವಳು ಮುಂದಿನಿಂದ ಏನೋ ಹೇಳಿದಳು. ಕೇಳಿಸಲಿಲ್ಲ. ಮತ್ತೆ ಹೇಳಿದಳು. ಆಗಲೂ ಕೇಳಿಸಲಿಲ್ಲ. ಸೇತುವೆ ಮುಗಿದಲ್ಲಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹೆಲ್ಮೆಟ್ ತೆಗೆದಳು.

“ಅಮ್ಮಚ್ಚಿ ಕೇಳಿದ್ದು. ನಾನು ಯಾಕೆ ಕೇಳಲಿಲ್ಲ ಅಂತ.” ನೀರಿನ ಕಡೆ ನೋಡುತ್ತಿದ್ದಳು. “ನಾನು ಚೊಕ್ಕಟ ಚೊಕ್ಕಟ ಎಂದು ಎಲ್ಲರ ಜೀವ ತಿನ್ನುವವಳು. ನನಗೆ ಗೊತ್ತು. ಅಣ್ಣ ಹೇಳುತ್ತಾನೆ, ಹಾಸ್ಟೆಲ್ಲಿನಲ್ಲಿಯೂ ಹೇಳುತ್ತಿದ್ದರು. ನಿಜವಾಗಿಯೂ ನೀನು ಸಹಿಸಿಕೊಂಡೇ ಇದ್ದೆಯಾ ಎಂದು ಕೇಳಬಹುದಿತ್ತು. ಕೇಳಿ, ನೀನು ಹೌದು ಅಂದುಬಿಟ್ಟಿದ್ದರೆ?”

ನಾನು ತಲೆ ತಗ್ಗಿಸಿದೆ. ಅವಳು ಯಾಕೆ ಹೊರಟುಹೋದಳು ಎಂದು ನಾನೂ ಕೇಳಿರಲಿಲ್ಲ. ಕೇಳಲು ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟಿದ್ದೆ. ತಂಗಿಯಿಲ್ಲದೆ ನಡೆದ ಒಂದು ಮದುವೆ ಪ್ರತಿ ಸಲವೂ ಕಣ್ಣ ಮುಂದೆ ಬರುತ್ತಿತ್ತು. ಅದೇ ಕಾರಣ ಎಂದು ಅವಳ ಬಾಯಿಂದ ಕೇಳುವುದು ನನಗೆ ಬೇಕಿರಲಿಲ್ಲ. ಇಷ್ಟನ್ನೂ ಅವಳಿಗೆ ಹೇಳಿದೆ, ಕನ್ನಡದಲ್ಲಿಯೇ ಹೇಳಿದೆ. ಎಷ್ಟು ಅರ್ಥವಾಯಿತೋ, ಅವಳು ನನ್ನ ಕೈಯ ಮೇಲೆ ಕೈಯಿಟ್ಟು ಕೂತಳು. ಲಾರಿಗಳು ಹೋಗುತ್ತಲೇ ಇದ್ದವು. ಇಬ್ಬರಲ್ಲಿ ಯಾರೂ ಗಡಿಯಾರ ನೋಡಲಿಲ್ಲ.

ನೋಡಿದಾಗ ನನ್ನ ರೈಲು ಹೋಗಿಯಾಗಿತ್ತು. ಜಿನ್ಸಿ ಹೆಲ್ಮೆಟ್ ಹಾಕಿಕೊಂಡು, ಮನೆಗೆ ಫೋನ್ ಮಾಡಿ ಅಮ್ಮಚ್ಚಿಗೆ ಇನ್ನೊಂದು ಲೋಟ ಅಕ್ಕಿ ಹಾಕಲು ಹೇಳಿ, ಸ್ಕೂಟರನ್ನು ವೈಪಿನ್ ಕಡೆಗೆ ತಿರುಗಿಸಿದಳು.